ಲೆನ್ಸ್ ಹೋಗಿದೆ ಅನ್ನುವ ಮೊದಲು: ಡಿಸ್ಕ್ ಓದದ ಪಿಎಸ್2 ಸ್ಲಿಮ್ ರಿಪೇರಿ

ಆಷಾಢದ ಒಂದು ಸಂಜೆ ಅಕ್ಕನ ಮಗ ಹಳೇ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಅಂಗಡಿಯ ಮೇಜಿನ ಮೇಲೆ ಇಟ್ಟ. ಬಿಚ್ಚಿದರೆ ಪ್ಲೇಸ್ಟೇಷನ್ 2, ಅಂದರೆ ಪಿಎಸ್2, ಟಿವಿಗೆ ಹಾಕಿ ಆಡುವ ಗೇಮ್ ಯಂತ್ರ. ಅದರಲ್ಲೂ ಕಪ್ಪು ಬಣ್ಣದ ತೆಳು ಮಾಡೆಲ್, ಸ್ಲಿಮ್. 2008ರಲ್ಲಿ ಭಾವ ಕೊಡಿಸಿದ್ದು. ಹುಡುಗ ಕಾಲೇಜಿಗೆ ಅಂತ ಊರು ಬಿಟ್ಟ ಮೇಲೆ ಅದು ಅಟ್ಟ ಸೇರಿತ್ತು.

"ಮಾವ, ಡಿಸ್ಕ್ ಓದ್ತಾ ಇಲ್ಲ. ಬೆಂಗಳೂರಲ್ಲಿ ಒಂದು ಕಡೆ ತೋರಿಸಿದೆ. ಲೆನ್ಸ್ ಹೋಗಿದೆ, ಹೊಸದು ಹಾಕಬೇಕು ಅಂದ್ರು."

"ಬಿಚ್ಚಿ ನೋಡಿದ್ರಾ?"

"ಇಲ್ಲ. ಆನ್ ಮಾಡಿ ನೋಡಿ ಹೇಳಿದ್ರು."

ಸಾಗರದಲ್ಲಿ ನಾನು ರಿಪೇರಿ ಅಂಗಡಿ ಇಟ್ಟಿದ್ದು ವಿಸಿಡಿ ಪ್ಲೇಯರ್‌ಗಳ ಕಾಲದಲ್ಲಿ. ಆಗ 213 ಅಂದರೆ ಸಾಕಿತ್ತು, ಯಾವ ಲೆನ್ಸ್ ಅಂತ ಅಂಗಡಿಯವರಿಗೆ ಗೊತ್ತಾಗುತ್ತಿತ್ತು. ಆ ಕಾಲದಿಂದಲೂ ಕೇಳುತ್ತಿರುವ ಮಾತು ಇದು, ಲೆನ್ಸ್ ಹೋಗಿದೆ. ಲೆನ್ಸ್ ಅಂದರೆ ಡಿಸ್ಕ್ ಮೇಲೆ ಲೇಸರ್ ಬೆಳಕು ಬಿಟ್ಟು ಓದುವ ಭಾಗ. ನಿಜವಾಗಿ ಲೆನ್ಸ್ ಹೋಗಿರುವುದೂ ಉಂಟು. ಆದರೆ ನನ್ನ ಮೇಜಿಗೆ ಬಂದ ಯಂತ್ರಗಳಲ್ಲಿ ಕೊಳೆ, ಒಣಗಿದ ಗ್ರೀಸ್, ಸಡಿಲವಾದ ರಿಬ್ಬನ್ (ಪಟ್ಟಿಯಂಥ ಚಪ್ಪಟೆ ವೈರ್) ಇವೇ ಜಾಸ್ತಿ. ಪಿಎಸ್2 ತಯಾರಿಕೆ ನಿಂತು ಹತ್ತು ವರ್ಷಕ್ಕೂ ಮೇಲಾಯಿತು. ಈಗ ಸಿಗುವ ಹೊಸ ಲೆನ್ಸ್‌ಗಳಲ್ಲಿ ಒಳ್ಳೆಯದು ಯಾವುದು, ಕಳಪೆ ಯಾವುದು ಅಂತ ನೋಡಿ ಹೇಳುವುದೇ ಕಷ್ಟ. ಹಾಗಾಗಿ ಒಳಗಿರುವ ಮೂಲ ಲೆನ್ಸ್‌ಗೆ ಸ್ವಲ್ಪವಾದರೂ ಜೀವ ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಆ ಹುಡುಗನ ಯಂತ್ರಕ್ಕೆ ನಾನು ಏನೇನು ಮಾಡಿದೆ ಅನ್ನುವುದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ನಿಮ್ಮ ಹತ್ತಿರ ಇರುವುದೂ ಮೇಲಿನಿಂದ ಮುಚ್ಚಳ ತೆರೆಯುವ ಸ್ಲಿಮ್ ಆಗಿದ್ದರೆ ಇದೇ ಕ್ರಮ ಹಿಡಿಯಬಹುದು.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಡಿಸ್ಕ್ ಕಡೆ ನೋಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಕೊಳೆಯಾಗಿದ್ದರೆ ಸೋಪಿನ ನೀರಲ್ಲಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ಅಡ್ಡ ಬಿದ್ದ ಗೀರನ್ನು ಯಂತ್ರ ಹೇಗೋ ದಾಟಿಕೊಳ್ಳುತ್ತದೆ. ಸುತ್ತು ಬಿದ್ದ ಗೀರು ಓದುವ ದಾರಿಯ ಉದ್ದಕ್ಕೂ ಹೋಗುವುದರಿಂದ ಅದನ್ನು ದಾಟುವುದು ಕಷ್ಟ.

ಹುಡುಗನ ಡಿಸ್ಕ್‌ಗಳನ್ನು ನೋಡಿದಾಗಲೇ ಒಂದು ಸುಳಿವು ಸಿಕ್ಕಿತು. ಮೂರು ಡಿಸ್ಕ್‌ಗಳಲ್ಲಿ ಕಂಪಾಸ್‌ನಲ್ಲಿ ಎಳೆದ ಹಾಗೆ ಒಂದೇ ತರದ ದುಂಡನೆ ಗೀರು. ಕೈ ಜಾರಿ ಬಿದ್ದರೆ ಗೀರು ಹಾಗೆ ಬೀಳುವುದಿಲ್ಲ. ಡಿಸ್ಕ್ ತಿರುಗುವಾಗ ಒಳಗೆ ಏನೋ ತಾಗುತ್ತಿದೆ ಅಂತ ಅರ್ಥ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟೆ.

ಮುಂದೆ ಯಾವ ಡಿಸ್ಕ್ ಓದುತ್ತದೆ, ಯಾವುದು ಓದುವುದಿಲ್ಲ ಅಂತ ನೋಡಬೇಕು. ಪಿಎಸ್2ರಲ್ಲಿ ಎರಡು ಲೇಸರ್ ಬೆಳಕು ಕೆಲಸ ಮಾಡುತ್ತವೆ, ಅವುಗಳ ಅಲೆಯ ಉದ್ದ ಬೇರೆ ಬೇರೆ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650 ನ್ಯಾನೊಮೀಟರ್. ಹಳೇ ಪ್ಲೇಸ್ಟೇಷನ್ 1ರ ಡಿಸ್ಕ್ ತಳ ಕಪ್ಪು, ಅದು ಸಿಡಿ. ಪಿಎಸ್2ರ ಆಟಗಳಲ್ಲಿ ತಳ ನೀಲಿ ಇರುವುದು ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಎರಡೂ ಓದದಿದ್ದರೆ ಕೊಳೆ, ರಿಬ್ಬನ್, ಮೋಟಾರು ಹೀಗೆ ಎಲ್ಲಕ್ಕೂ ಸೇರಿದ ಭಾಗದಲ್ಲಿ ತೊಂದರೆ ಹುಡುಕಿ. ಸಿಡಿ ಓದಿ ಡಿವಿಡಿ ಓದದಿದ್ದರೆ ಕೊಳೆ ಇರಬಹುದು, ಇಲ್ಲವೇ ಡಿವಿಡಿ ಬೆಳಕು ಸೋತಿರಬಹುದು. ಡಿವಿಡಿಯ ಸಾಲುಗಳು ಬಹಳ ಹತ್ತಿರ ಹತ್ತಿರ ಇರುತ್ತವೆ. ಸಾಲಿನಿಂದ ಸಾಲಿಗೆ 0.74 ಮೈಕ್ರಾನ್ ಅಷ್ಟೆ. ಸಿಡಿಯಲ್ಲಾದರೆ 1.6. ಅದಕ್ಕೇ ಕೊಳೆ ಕೂತಾಗ ಮೊದಲು ಕೈಕೊಡುವುದು ಡಿವಿಡಿ. ಗಾಡ್ ಆಫ್ ವಾರ್ 2ರಂಥ ಎರಡು ಪದರದ ಡಿವಿಡಿ ಮಾತ್ರ ಓದದಿದ್ದರೆ ಹೆದರಬೇಡಿ. ಎರಡು ಪದರದ ಡಿಸ್ಕ್‌ನಿಂದ ವಾಪಸ್ ಬರುವ ಬೆಳಕೇ ಕಡಿಮೆ, ಸ್ವಲ್ಪ ಮಬ್ಬು ಇದ್ದರೂ ಅದಕ್ಕೆ ಸಾಲುವುದಿಲ್ಲ. ಮನೆಯಲ್ಲಿ ಬರೆದ ಡಿವಿಡಿಯಿಂದ ಪರೀಕ್ಷೆ ಮಾಡಬೇಡಿ. ಅದರ ಹೊಳಪು ಕಂಪನಿ ಡಿಸ್ಕ್‌ನಷ್ಟು ಇರುವುದಿಲ್ಲ, ನಿಮ್ಮ ಲೆಕ್ಕ ತಪ್ಪುತ್ತದೆ.

ಹುಡುಗನ ಯಂತ್ರ ಕಪ್ಪು ಡಿಸ್ಕ್ ಓದಿತು. ಬೆಳ್ಳಿ ಡಿಸ್ಕ್ ಹಾಕಿದರೆ ಮೂರರಲ್ಲಿ ಎರಡು ಸಲ 'ಡಿಸ್ಕ್ ರೀಡ್ ಎರರ್'. ಮೂರನೇ ಸಲ ಆಟ ಶುರುವಾಗಿ, ಸ್ವಲ್ಪ ಮುಂದೆ ಹೋಗಿ ನಿಂತಿತು.

ಈಗ ಕಿವಿಯ ಕೆಲಸ. ಟಿವಿ ಸೌಂಡ್ ಪೂರ್ತಿ ತಗ್ಗಿಸಿ. ಫ್ಯಾನ್ ಆಫ್ ಮಾಡಿ. ಮುಚ್ಚಳದ ಹತ್ತಿರ ಕಿವಿ ಇಟ್ಟು ಯಂತ್ರ ಆನ್ ಮಾಡಿ. ಆರೋಗ್ಯವಾಗಿರುವ ಸ್ಲಿಮ್‌ನಲ್ಲಿ ಲೆನ್ಸ್ ಸರಿಯುವ ಸಣ್ಣ ಸದ್ದು, ಅದು ಮೇಲೆ ಕೆಳಗೆ ಆಡುವ ಟಿಕ್ ಟಿಕ್, ಆಮೇಲೆ ಡಿಸ್ಕ್ ತಿರುಗಿ ಸದ್ದು ಏರುತ್ತಾ ಹೋಗಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಏನೂ ಸದ್ದಿಲ್ಲ ಅಂದರೆ ಮೊದಲು ಮುಚ್ಚಳದ ಸ್ವಿಚ್ ನೋಡಿ. ಮುಚ್ಚಳದ ಅಂಚು ಒತ್ತುವ ಸ್ವಿಚ್‌ಗಳಲ್ಲಿ ಒಂದು ಸಿಕ್ಕಿಕೊಂಡರೂ ಮುಚ್ಚಳ ತೆರೆದಿದೆ ಅಂತಲೇ ಯಂತ್ರ ತಿಳಿಯುತ್ತದೆ. ಡಿಸ್ಕ್ ಏರಿ ಇಳಿದು, ಮತ್ತೆ ಏರಿ ಇಳಿದು ಕೊನೆಗೆ ಸುಮ್ಮನಾದರೆ ಬೆಳಕು ಸರಿಯಾಗಿ ವಾಪಸ್ ಬರುತ್ತಿಲ್ಲ. ಕಟಕಟ ಅಂತ ಹಲ್ಲು ಕಡಿದ ಸದ್ದು ಬಂದರೆ ಲೆನ್ಸ್ ಸರಿಯುವ ದಾರಿಯಲ್ಲಿ ತಡೆ ಇದೆ. ಸರಸರ ಅಂತ ಪೇಪರ್ ಉಜ್ಜಿದ ಹಾಗೆ ಕೇಳಿದರೆ ತಕ್ಷಣ ಆಫ್ ಮಾಡಿ, ಡಿಸ್ಕ್‌ಗೆ ಏನೋ ತಾಗುತ್ತಿದೆ.

ಡಿಸ್ಕ್ ವೇಗ ಏರುವ ಹೊತ್ತಿಗೇ ಯಂತ್ರ ಪೂರ್ತಿ ಆಫ್ ಆಗುತ್ತದೆಯೇ? ಹಾಗಿದ್ದರೆ ಲೆನ್ಸ್ ಬಿಡಿ, ಅಡಾಪ್ಟರ್ ನೋಡಿ. ಹೊರಗೆ ಅಡಾಪ್ಟರ್ ಇರುವ ಸ್ಲಿಮ್‌ಗಳಿಗೆ 8.5 ವೋಲ್ಟ್, 5 ಆಂಪಿಯರ್‌ಗೂ ಮೇಲೆ ಬೇಕು. ಮೂಲದ್ದು ಸುಟ್ಟು ಯಾವುದೋ ಸಣ್ಣ ಅಡಾಪ್ಟರ್ ಚುಚ್ಚಿದ್ದರೆ ದೀಪ ಉರಿಯುತ್ತದೆ, ಮೋಟಾರಿಗೆ ಶಕ್ತಿ ಸಾಲುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದ ವೋಲ್ಟೇಜ್‌ಗೆ ಸತ್ತ ಅಡಾಪ್ಟರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹುಡುಗನ ಯಂತ್ರದಲ್ಲಿ ಎರಡು ಸದ್ದು ಕೇಳಿದವು. ಏರಿ ಇಳಿಯುವುದು ಒಂದು. ಆಟ ಓಡುತ್ತಾ ಓಡುತ್ತಾ ಬರುವ ಕಟಕಟ ಇನ್ನೊಂದು. ಚೀಟಿಯಲ್ಲಿ ಬರೆದಿದ್ದ ದುಂಡನೆ ಗೀರಿನ ಜೊತೆ ಇವೂ ಸೇರಿ ಮೂರಾದವು.

ಬಿಚ್ಚುವ ಮೊದಲು ಸೆಟ್ಟಿಂಗ್‌ನಲ್ಲಿ ಒಂದು ಪ್ರಯತ್ನ ಮಾಡಬಹುದು. ಡಿಸ್ಕ್ ಇಲ್ಲದೆ ಆನ್ ಮಾಡಿದರೆ 'ಬ್ರೌಸರ್', 'ಸಿಸ್ಟಮ್ ಕಾನ್ಫಿಗರೇಶನ್' ಅಂತ ಎರಡು ಸಾಲು ಬರುತ್ತವೆ. ಅಲ್ಲಿ ತ್ರಿಕೋನದ ಬಟನ್ ಒತ್ತಿ. ವರ್ಷನ್ ಪಟ್ಟಿ ತೆರೆಯುತ್ತದೆ. 'ಕನ್ಸೋಲ್' ಸಾಲಿಗೆ ಹೋಗಿ ಮತ್ತೆ ತ್ರಿಕೋನ ಒತ್ತಿದರೆ 'ಡಯಾಗ್ನೊಸಿಸ್' ಸಿಗುತ್ತದೆ. ಅದನ್ನು ಆನ್ ಮಾಡಿ ಡಿಸ್ಕ್ ಹಾಕಿ. ಓದುವ ಹೊಂದಾಣಿಕೆಯನ್ನು ಯಂತ್ರ ತಾನೇ ಮಾಡಿಕೊಳ್ಳಲು ನೋಡುತ್ತದೆ. ಆಫ್ ಮಾಡಿದರೆ ಅದು ಹೋಗುತ್ತದೆ, ಪ್ರತಿ ಸಲ ಮಾಡಬೇಕು. ಇದು ರಿಪೇರಿ ಅಲ್ಲ. ಆದರೆ ಇದರಿಂದ ಓದುವ ಯಂತ್ರ ಪೂರ್ತಿ ಸತ್ತಿಲ್ಲ ಅಂತ ಗೊತ್ತಾಗುತ್ತದೆ. ನಮ್ಮದು ಇದರಲ್ಲಿ ಐದು ಸಲಕ್ಕೆ ಮೂರು ಸಲ ಓದಿತು. ಆಗಲೇ ನನಗೆ ಧೈರ್ಯ ಬಂತು.

ಇನ್ನು ಬಿಚ್ಚುವುದು. ಅಡಾಪ್ಟರ್ ತೆಗೆಯಿರಿ, ಮೆಮೊರಿ ಕಾರ್ಡ್ ತೆಗೆಯಿರಿ. ನಿಮ್ಮದು ಮಾಡೆಲ್ ನಂಬರ್ 90000 ಸರಣಿಯ ಸ್ಲಿಮ್ ಆಗಿದ್ದರೆ ಕರೆಂಟಿನ ಬೋರ್ಡು ಒಳಗೇ ಇರುತ್ತದೆ. ವೈರ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಆ ಬೋರ್ಡನ್ನು ಮುಟ್ಟಬೇಡಿ. ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಚಿಮುಟ, ಇಯರ್ ಬಡ್, ಐಸೊಪ್ರೊಪೈಲ್ ಆಲ್ಕೊಹಾಲ್, ಪ್ಲಾಸ್ಟಿಕ್‌ಗೆ ಆಗುವ ಬಿಳಿ ಗ್ರೀಸ್, ಕ್ಯಾಮೆರಾದವರು ಇಟ್ಟುಕೊಳ್ಳುವ ರಬ್ಬರ್ ಬುರುಡೆಯ ಬ್ಲೋವರ್. ಆಲ್ಕೊಹಾಲನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. ಸ್ಯಾನಿಟೈಸರ್ ಬೇಡ, ಒಣಗಿದ ಮೇಲೆ ಪೊರೆ ಉಳಿಯುತ್ತದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹತ್ತಿರ ತರಲೇಬೇಡಿ. ಅವು ಹರಿದು ಲೆನ್ಸ್ ಮೇಲೆ ಕೂರುತ್ತವೆ.

ಯಂತ್ರ ಮಗುಚಿದರೆ ತಳದಲ್ಲಿ ರಬ್ಬರ್ ಕಾಲುಗಳು, ಚೌಕದ ಪ್ಲಾಸ್ಟಿಕ್ ಮುಚ್ಚಳಗಳು ಕಾಣುತ್ತವೆ. ಸ್ಕ್ರೂ ಇರುವುದು ಅವುಗಳ ಕೆಳಗೆ. ತೆಗೆದ ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಯಂತ್ರದ ಆಕಾರ ಬರೆದು, ಅದೇ ಜಾಗದಲ್ಲಿ ಚುಚ್ಚಿಡಿ. ನಾನು ಈಗಲೂ ಹೀಗೇ ಮಾಡುತ್ತೇನೆ. ಎಲ್ಲ ಸ್ಕ್ರೂ ಬಂದ ಮೇಲೆ ಯಂತ್ರವನ್ನು ನೆಟ್ಟಗೆ ತಿರುಗಿಸಿ, ಮೇಲಿನ ಕವಚವನ್ನು ನಿಧಾನವಾಗಿ ಎತ್ತಿ. ಎಲ್ಲಾದರೂ ಬರುವುದಿಲ್ಲ ಅಂತ ಅನಿಸಿದರೆ ಎಳೆಯಬೇಡಿ. ಒಂದು ಸ್ಕ್ರೂ ಉಳಿದಿರುತ್ತದೆ, ಇಲ್ಲವೇ ತೆಳು ರಿಬ್ಬನ್ ಹಿಡಿದಿರುತ್ತದೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ.

ಈಗ ಡ್ರೈವ್ ಪೂರ್ತಿ ಕಾಣುತ್ತದೆ. ನಡುವೆ ಡಿಸ್ಕ್ ಕೂರುವ ಮೋಟಾರು. ಅದರ ಪಕ್ಕದಲ್ಲಿ ಎರಡು ಹೊಳೆಯುವ ಕಬ್ಬಿಣದ ಕಡ್ಡಿಗಳು. ಅವುಗಳ ಮೇಲೆ ಜಾರುವ ಲೆನ್ಸ್. ಬದಿಯಲ್ಲಿ ಸುರುಳಿ ಗೆರೆಗಳ ಒಂದು ಸರಳು, ಅದು ತಿರುಗಿದರೆ ಲೆನ್ಸ್ ಸರಿಯುತ್ತದೆ. ಲೆನ್ಸಿನಿಂದ ಬೋರ್ಡಿಗೆ ಒಂದು ಅಗಲದ ರಿಬ್ಬನ್.

ಒಳಗೆ ನೋಡಿದ ಕೂಡಲೇ ಗೀರಿನ ಕಾರಣ ಸಿಕ್ಕಿತು. ರಿಬ್ಬನ್ ಚಪ್ಪಟೆಯಾಗಿ ಮಲಗಿರಬೇಕಾದ ಕಡೆ ಉಬ್ಬಿ ಮೇಲೆದ್ದಿತ್ತು. ಲೆನ್ಸ್ ಒಳಗೆ ಬಂದಾಗ ಆ ಉಬ್ಬು ಡಿಸ್ಕ್‌ನ ತಳಕ್ಕೆ ಉಜ್ಜುತ್ತಿತ್ತು. ಸ್ಲಿಮ್‌ನ ಮೊದಲ ಮಾಡೆಲ್‌ಗಳಲ್ಲಿ, ಅಂದರೆ 2004ರಲ್ಲಿ ಬಂದ 70000 ಸರಣಿಯಲ್ಲಿ, ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಇದರಲ್ಲೂ ಅದೇ ಆಗಿತ್ತು. ಪರಿಹಾರ ಸುಲಭ. ರಿಬ್ಬನನ್ನು ಅದರ ಮೊದಲಿನ ಮಡಿಕೆಗೆ ತಂದು ಕೂರಿಸಿ. ಅಲುಗಾಡದ ಭಾಗವನ್ನು ಮಾತ್ರ ತೆಳು ಟೇಪಿನಿಂದ ತಳಕ್ಕೆ ಅಂಟಿಸಿ. ಲೆನ್ಸ್ ಜೊತೆ ಓಡಾಡುವ ಭಾಗಕ್ಕೆ ಟೇಪ್ ಹಾಕಬೇಡಿ. ಅಂಟಿಸಿದ ಮೇಲೆ ಲೆನ್ಸನ್ನು ಈ ತುದಿಯಿಂದ ಆ ತುದಿಗೆ ಒಯ್ದು, ಎಲ್ಲೂ ರಿಬ್ಬನ್ ಏಳುವುದಿಲ್ಲ ಅಂತ ಕಣ್ಣಾರೆ ನೋಡಿ.

ಒಯ್ಯುವುದು ಹೇಗೆ ಅಂದರೆ, ಲೆನ್ಸನ್ನು ಹಿಡಿದು ತಳ್ಳಬೇಡಿ. ಸುರುಳಿ ಸರಳಿಗೆ ಕಚ್ಚಿಕೊಂಡಿರುವ ಪ್ಲಾಸ್ಟಿಕ್ ಹಲ್ಲು ಮುರಿದರೆ ಆಗ ನಿಜವಾಗಿಯೂ ಹೊಸ ಲೆನ್ಸೇ ಗತಿ. ಬೆರಳ ತುದಿಯಿಂದ ಆ ಸರಳನ್ನೇ ತಿರುಗಿಸಿ. ಲೆನ್ಸ್ ತಾನಾಗಿ ಹೋಗುತ್ತದೆ. ಹೋಗುವಾಗ ಎಲ್ಲಾದರೂ ಬಿಗಿಯಾಯಿತಾ ಅಂತ ಬೆರಳಿಗೇ ತಿಳಿಯುತ್ತದೆ. ನಮ್ಮದರಲ್ಲಿ ಒಳಗಿನ ಅರ್ಧ ಹಗುರ. ಹೊರ ಅಂಚಿನ ಕಡೆ ಹೋದಾಗ ಬಿಗಿ. ಕಟಕಟ ಸದ್ದಿನ ಮೂಲ ಇದೇ. ಡಿಸ್ಕ್‌ನ ಓದು ಶುರುವಾಗುವುದು ನಡುವಿನಿಂದ. ಹಾಗಾಗಿ ಆಟ ಶುರುವಾಗುತ್ತಿತ್ತು, ಹೊರಗಿನ ಭಾಗದಲ್ಲಿರುವುದನ್ನು ಓದಲು ಹೋದಾಗ ಲೆನ್ಸ್ ಸಿಕ್ಕಿಕೊಳ್ಳುತ್ತಿತ್ತು.

ಅಲ್ಲಿನ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಆಗಿತ್ತು. ಇಯರ್ ಬಡ್‌ಗೆ ಐಪಿಎ ಹಚ್ಚಿ ಎರಡೂ ಕಡ್ಡಿ ಒರೆಸಿದೆ. ಸರಳಿನ ಸುರುಳಿಯೊಳಗೆ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿದೆ. ಹತ್ತಿ ಬಿಳಿಯಾಗಿಯೇ ಬರುವ ತನಕ ಒರೆಸಬೇಕು. ನನಗೆ ಹದಿನಾಲ್ಕು ಇಯರ್ ಬಡ್ ಬೇಕಾಯಿತು. ಪೂರ್ತಿ ಒಣಗಿದ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ ಗ್ರೀಸ್ ಒಂದೊಂದು ಕಡ್ಡಿಗೆ, ಅದರ ಅರ್ಧ ಸರಳಿಗೆ. ಲೆನ್ಸನ್ನು ನಾಲ್ಕೈದು ಸಲ ಆಚೆ ಈಚೆ ಓಡಿಸಿದರೆ ಗ್ರೀಸ್ ತಾನೇ ಹರಡಿಕೊಳ್ಳುತ್ತದೆ. ತುದಿಯಲ್ಲಿ ಗುಡ್ಡೆ ಬಿದ್ದದ್ದನ್ನು ಒರೆಸಿ ತೆಗೆಯಿರಿ. ಈ ಕೆಲಸಕ್ಕೆ ಅವಸರ ಬೇಡ. ಇಡೀ ರಿಪೇರಿಯಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಇಲ್ಲಿಗೇ.

ಆಮೇಲೆ ಲೆನ್ಸ್. ಮೊದಲು ಬ್ಲೋವರ್‌ನಿಂದ ಗಾಳಿ ಊದಿ ಧೂಳು ಹಾರಿಸಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ಆ ಪುಟ್ಟ ಗುಂಡನೆಯ ಲೆನ್ಸ್ ಕೂದಲಿನಂಥ ತೆಳು ತಂತಿಗಳ ಮೇಲೆ ತೂಗಾಡುತ್ತಾ ಇರುತ್ತದೆ. ಒತ್ತಿದರೆ ತಂತಿ ಬಾಗುತ್ತದೆ. ಹೊಸ ಇಯರ್ ಬಡ್ ತೆಗೆದುಕೊಂಡು ಒಂದು ಹನಿ ಐಪಿಎ ಹಾಕಿ, ಬೇರೆ ಹತ್ತಿಗೆ ತಾಗಿಸಿ ಹೆಚ್ಚಿನದನ್ನು ಹೀರಿಸಿ. ಹತ್ತಿಯ ಭಾರ ಮಾತ್ರ ಲೆನ್ಸ್ ಮೇಲೆ ಬೀಳುವ ಹಾಗೆ ಹಿಡಿದು, ನಡುವಿನಿಂದ ಹೊರಕ್ಕೆ ಸುತ್ತಿ. ಒಣ ಹತ್ತಿಯಿಂದ ಇನ್ನೊಂದು ಸುತ್ತು. ಆಮೇಲೆ ಟಾರ್ಚ್ ಬಿಟ್ಟು ನೋಡಿ. ಲೆನ್ಸ್‌ನ ಹೊಳಪಿನಲ್ಲಿ ಮೋಡ ಕವಿದ ಹಾಗೆ ಇರಬಾರದು.

ನಮ್ಮ ಕಡೆಯ ಮನೆಗಳಲ್ಲಿ ಈ ಮಬ್ಬು ಬರಿಯ ಧೂಳಿನಿಂದ ಬರುವುದಿಲ್ಲ. ಟಿವಿ ಇರುವ ಹಾಲ್‌ನಲ್ಲೇ ದೇವರ ದೀಪ, ಊದುಬತ್ತಿ. ಪಕ್ಕದಲ್ಲೇ ಅಡುಗೆಮನೆಯ ಒಗ್ಗರಣೆ. ಆ ಹೊಗೆಯ ಜಿಡ್ಡು ತೆಳುವಾಗಿ ಕೂತು, ಅದರ ಮೇಲೆ ಧೂಳು ಅಂಟುತ್ತದೆ. ಜೊತೆಗೆ ಮಳೆಗಾಲದ ತೇವ. ಗಾಳಿ ಊದಿದರೆ ಇದು ಹೋಗುವುದಿಲ್ಲ, ಒರೆಸಲೇಬೇಕು. ಹುಡುಗನ ಲೆನ್ಸ್ ಮೇಲೆ ಇದ್ದದ್ದೂ ಇದೇ ಜಿಡ್ಡು.

ಮುಚ್ಚುವ ಮೊದಲು ಲೆನ್ಸ್ ರಿಬ್ಬನ್‌ನ ಬೋರ್ಡಿನ ತುದಿಯನ್ನೂ ಒಮ್ಮೆ ನೋಡಿ. ಕನೆಕ್ಟರ್‌ಗೆ ಸಣ್ಣ ರೆಪ್ಪೆ ಇದ್ದರೆ ಅದನ್ನು ಮೇಲೆತ್ತಿ, ಆಮೇಲೆ ರಿಬ್ಬನ್ ಹೊರತೆಗೆಯಿರಿ. ತಾಮ್ರದ ತುದಿ ಒರೆಸಿ, ನೆಟ್ಟಗೆ ಕೂರಿಸಿ, ರೆಪ್ಪೆ ಮುಚ್ಚಿ. ರಿಬ್ಬನ್ ಒಂದು ಕೂದಲಿನಷ್ಟು ಓರೆ ಕೂತರೂ ಯಂತ್ರ ಡಿಸ್ಕನ್ನು ಗುರುತಿಸುವುದಿಲ್ಲ. ಮೈಕೈಯಲ್ಲಿ ಸೇರಿಕೊಳ್ಳುವ ಸ್ಟ್ಯಾಟಿಕ್ ಕರೆಂಟು ಲೆನ್ಸ್‌ನೊಳಗೆ ಬೆಳಕು ಕೊಡುವ ಡಯೋಡಿಗೆ ವಿಷ. ಬೇಸಿಗೆಯಲ್ಲಿ, ಅದರಲ್ಲೂ ಬಯಲುಸೀಮೆಯ ಒಣ ಹವೆಯಲ್ಲಿ, ಹತ್ತಿ ಬಟ್ಟೆ ಹಾಕಿ ಕೂತುಕೊಳ್ಳಿ. ಆಗಾಗ ಯಂತ್ರದೊಳಗಿನ ಲೋಹದ ತಗಡು ಮುಟ್ಟುತ್ತಿರಿ. ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಕೇಳುತ್ತಿದ್ದರೆ, ಅದರ ಮೇಲಿನ ನಂಬರ್ ನೋಡಿ ಅದೇ ತರದ್ದು ಹಾಕಿ.

ಕವಚ ಕೂರಿಸಿ, ಎರಡೇ ಸ್ಕ್ರೂ ಹಾಕಿ ಪರೀಕ್ಷೆ ಮಾಡಿ. ಮುಚ್ಚಳ ತೆರೆದಿಟ್ಟು, ಸ್ವಿಚ್ ಒತ್ತಿ ಹಿಡಿದು ಓಡಿಸುವುದನ್ನು ಕೆಲವರು ಮಾಡುತ್ತಾರೆ. ದಯವಿಟ್ಟು ಬೇಡ. ಸಿಡಿಯ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಕಾಣದಿದ್ದರೂ ಅದು ಕಣ್ಣಿಗೆ ಕೆಟ್ಟದ್ದು.

ನಮ್ಮ ಯಂತ್ರ ಮೊದಲ ಬೆಳ್ಳಿ ಡಿಸ್ಕನ್ನು ಹಾಕಿದ ತಕ್ಷಣ ಓದಿತು. ಸದ್ದು ಒಂದೇ ಸಲ ಏರಿ ನಿಂತಿತು. ಒಮ್ಮೆ ಓದಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹತ್ತು ಸಲ ಆಫ್ ಮಾಡಿ ಆನ್ ಮಾಡಿ. ಯಂತ್ರ ಬಿಸಿಯಾದ ಮೇಲೆ ಮತ್ತೆ ನೋಡಿ. ಮೊದಲು ನಿಲ್ಲುತ್ತಿದ್ದ ಜಾಗದ ತನಕ ಅದೇ ಆಟ ಆಡಿ. ಹುಡುಗ ಆ ಜಾಗ ದಾಟಿ ಎರಡು ಗಂಟೆ ಆಡಿದ. ಅವನ ಪಕ್ಕದಲ್ಲಿ ನನ್ನ ಮಗಳು ಇನ್ನೊಂದು ಕಂಟ್ರೋಲರ್ ಹಿಡಿದು ಕೂತಿದ್ದಳು. ಎಲ್ಲ ಸ್ಕ್ರೂ ಹಾಕಿದ್ದು ಅದಾದ ಮೇಲೆ.

ಇಷ್ಟೆಲ್ಲ ಮಾಡಿಯೂ ಡಿವಿಡಿ ಓದದಿದ್ದರೆ? ಲೆನ್ಸ್‌ನ ಮೈಮೇಲೆ ಪುಟ್ಟ ಸ್ಕ್ರೂ ತರದ ಪ್ರೀಸೆಟ್‌ಗಳಿರುತ್ತವೆ. ಅವು ಬೆಳಕಿನ ಬಲವನ್ನು ನಿಯಂತ್ರಿಸುತ್ತವೆ. ಎಷ್ಟೋ ಜನ ಮೊದಲು ಕೈಹಾಕುವುದೇ ಅದಕ್ಕೆ. ಗೇಮ್ ಪಾರ್ಲರ್ ಒಂದರಿಂದ ನನಗೆ ಬಂದ ಇನ್ನೊಂದು ಸ್ಲಿಮ್‌ನಲ್ಲಿ ಯಾರೋ ಎರಡೂ ಪ್ರೀಸೆಟನ್ನು ತುದಿಗೆ ತಿರುಗಿಸಿಟ್ಟಿದ್ದರು. ಒಂದು ವಾರ ಚೆನ್ನಾಗಿ ಓಡಿತಂತೆ. ಆಮೇಲೆ ಸಿಡಿಯೂ ಇಲ್ಲ, ಡಿವಿಡಿಯೂ ಇಲ್ಲ. ಪ್ರೀಸೆಟ್‌ನ ರೆಸಿಸ್ಟೆನ್ಸ್ (ಓಮ್ ಲೆಕ್ಕದಲ್ಲಿ ಅಳೆಯುವ ತಡೆ) ಇಳಿದಷ್ಟೂ ಬೆಳಕು ಜಾಸ್ತಿ, ಡಯೋಡ್‌ನ ಆಯುಸ್ಸು ಕಡಿಮೆ. ತಿರುಗಿಸಲೇಬೇಕು ಅಂದರೆ ಕರೆಂಟ್ ತೆಗೆದು, ಮಲ್ಟಿಮೀಟರ್‌ನಲ್ಲಿ ಈಗಿರುವ ಓಮ್ ಎಷ್ಟು ಅಂತ ಬರೆದುಕೊಳ್ಳಿ. ಮಾರ್ಕರ್‌ನಿಂದ ಗುರುತು ಹಾಕಿ. ಡಿವಿಡಿಯದ್ದನ್ನು ಮಾತ್ರ, ಗಡಿಯಾರದ ಸೆಕೆಂಡ್ ಮುಳ್ಳು ಒಂದು ಮನೆ ಸರಿದಷ್ಟು ತಿರುಗಿಸಿ ನೋಡಿ. ಎರಡು ಮೂರು ಸಲಕ್ಕೆ ಆಗದಿದ್ದರೆ ಮೊದಲಿನ ಓಮ್‌ಗೆ ವಾಪಸ್ ತನ್ನಿ. ಅಲ್ಲಿಗೆ ಲೆನ್ಸ್ ಹೋಗಿದೆ ಅಂತ ಒಪ್ಪಿಕೊಳ್ಳಬೇಕು.

ಹೊಸದು ತರುವಾಗ ಯಂತ್ರದ ಮಾಡೆಲ್ ಹೇಳಿದರೆ ಸಾಲದು. ಹಳೇ ಲೆನ್ಸ್ ಬಿಚ್ಚಿ ಅದರ ಮೇಲಿನ ನಂಬರ್ ಓದಿ. ಸ್ಲಿಮ್‌ಗಳಲ್ಲಿ ಎಸ್‌ಪಿಯು-3170, ಪಿವಿಆರ್-802ಡಬ್ಲ್ಯೂ, ಟಿಡಿಪಿ-082ಡಬ್ಲ್ಯೂ ಹೀಗೆ ಬೇರೆ ಬೇರೆ ಇರುತ್ತವೆ. ನೋಡಲು ಒಂದೇ ತರ, ಒಂದರ ಬದಲು ಇನ್ನೊಂದು ಆಗುತ್ತದೆ ಅಂತ ನಂಬಬೇಡಿ. ಸಾಧ್ಯವಾದರೆ ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸಿ. ಹೊಸ ಲೆನ್ಸ್‌ನ ಸಣ್ಣ ಬೋರ್ಡಿನ ಮೇಲೆ ಎರಡು ಚುಕ್ಕಿಗಳನ್ನು ಸೇರಿಸಿ ಒಂದು ಹನಿ ಸೋಲ್ಡರ್ ಇಟ್ಟಿರಬಹುದು. ಸಾಗಣೆಯಲ್ಲಿ ಸ್ಟ್ಯಾಟಿಕ್‌ನಿಂದ ಡಯೋಡ್ ಸುಡಬಾರದು ಅಂತ ಹಾಗೆ ಮಾಡುತ್ತಾರೆ. ರಿಬ್ಬನ್ ಚುಚ್ಚಿದ ಮೇಲೆ ಆ ಹನಿಯನ್ನು ಸೋಲ್ಡರಿಂಗ್ ಐರನ್‌ನಿಂದ ತೆಗೆಯಬೇಕು. ಅದನ್ನು ತೆಗೆಯದೆ, ಹೊಸ ಲೆನ್ಸೂ ಕೆಟ್ಟದ್ದು ಅಂತ ವಾಪಸ್ ಕೊಟ್ಟವರನ್ನು ನಾನು ನೋಡಿದ್ದೇನೆ. ಪಾರ್ಲರ್ ಯಂತ್ರಕ್ಕೆ ಹೊಸ ಲೆನ್ಸ್ ಹಾಕಿದ್ದು ಹೀಗೆ. ಅದು ಈಗಲೂ ಓಡುತ್ತಿದೆ.

ಹುಡುಗನ ಯಂತ್ರ ಮುಚ್ಚುವಾಗ ಒಂದು ಸಣ್ಣ ಚೀಟಿಯಲ್ಲಿ ದಿನಾಂಕ, ಹಾಕಿದ ಗ್ರೀಸ್, ಎರಡೂ ಪ್ರೀಸೆಟ್‌ನ ಓಮ್ ಬರೆದು ಕವಚದ ಒಳಮೈಗೆ, ಡಿಸ್ಕ್‌ಗೆ ತಾಗದ ಮೂಲೆಯಲ್ಲಿ ಅಂಟಿಸಿದೆ. ಮುಂದೆ ಬಿಚ್ಚುವವರು ನಾನೇ ಆಗಿರಬಹುದು, ಬೇರೆಯವರೂ ಆಗಿರಬಹುದು. ಪಂಚೆಯ ಬದಲು ಗಾಳಿಯಾಡದ ಡಬ್ಬ ಕೊಟ್ಟು, ಒಳಗೆ ಎರಡು ಸಿಲಿಕಾ ಪೊಟ್ಟಣ ಹಾಕಿದೆ. ತಿಂಗಳಿಗೊಮ್ಮೆ ತೆಗೆದು ಅರ್ಧ ಗಂಟೆ ಆಡು ಅಂತ ಹೇಳಿ ಕಳಿಸಿದೆ.